ಹಕ್ಕಿಯ ಮೇಲೆ ಕಣ್ಣು, ಹಂದಿಯಿಂದ ಬಂದ ಜ್ವರ

ನೋಯ್ಡಾದ ಓಖ್ಲಾ ಪಕ್ಷಿಧಾಮಕ್ಕೆ ಪ್ರತಿ ಚಳಿಗಾಲವೂ ಉತ್ತರದ ದೂರದ ನಾಡುಗಳಿಂದ ವಲಸೆಹಕ್ಕಿಗಳು ಬಂದಿಳಿಯುತ್ತವೆ. ಇನ್‌ಫ್ಲುಯೆಂಜಾ ‘ಎ’ ವೈರಾಣುಗಳ ಮೂಲ ನೆಲೆ ಇಂತಹ ನೀರುಹಕ್ಕಿಗಳೇ. 2016ರಲ್ಲಿ ಹಕ್ಕಿಜ್ವರದಿಂದಾಗಿ ದೆಹಲಿಯ ಮೃಗಾಲಯವನ್ನು ಮುಚ್ಚಬೇಕಾಯಿತು. 2021ರ ಜನವರಿಯಲ್ಲಿ ಗಾಜೀಪುರದ ಕೋಳಿ ಮಾರುಕಟ್ಟೆಯನ್ನೂ ಮುಚ್ಚಲಾಯಿತು. ನಮ್ಮ ಹೆಸರಘಟ್ಟದಲ್ಲಿ 2012ರಲ್ಲಿ ಟರ್ಕಿ ಕೋಳಿಗಳು ಎಚ್5ಎನ್1ಗೆ ಬಲಿಯಾಗಿದ್ದವು. ಹಕ್ಕಿಗಳಲ್ಲಿ ಹರಡುವ ಇಷ್ಟೊಂದು ವೈರಾಣುಗಳಲ್ಲಿ ಮನುಷ್ಯರ ಮಹಾಮಾರಿಯಾಗಬಲ್ಲದು ಯಾವುದು?

ಈ ಪ್ರಶ್ನೆಯ ಹಿಂದೆ ದೊಡ್ಡ ಸಾವಿನ ನೆನಪಿದೆ. 1918ರ ಜ್ವರ ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಇನ್‌ಫ್ಲುಯೆಂಜಾದ ವಂಶವಾಹಿಗಳು ಎಂಟು ತುಣುಕುಗಳಲ್ಲಿರುತ್ತವೆ. ಎರಡು ವೈರಾಣುಗಳು ಒಂದೇ ಜೀವಕೋಶವನ್ನು ಹೊಕ್ಕರೆ ಆ ತುಣುಕುಗಳು ಅದಲುಬದಲಾಗಬಲ್ಲವು. 1957 ಮತ್ತು 1968ರ ಮಹಾಮಾರಿಗಳು ಹುಟ್ಟಿದ್ದು ಹಾಗೆಯೇ, ಹಕ್ಕಿಯ ತುಣುಕುಗಳು ಮನುಷ್ಯರ ವೈರಾಣುವಿನೊಡನೆ ಬೆರೆತು.

ಅಂದಾಜು ಎರಡು ಬಗೆಯಲ್ಲೂ ತಪ್ಪಿದೆ. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾನೆಲೆಯಲ್ಲಿ ಹಂದಿಜ್ವರ ಕಾಣಿಸಿಕೊಂಡಾಗ, 1918 ಮರುಕಳಿಸೀತೆಂಬ ಭಯದಿಂದ ನಾಲ್ಕು ಕೋಟಿಗೂ ಮಿಕ್ಕಿ ಜನರಿಗೆ ಲಸಿಕೆ ಹಾಕಲಾಯಿತು. ಮಹಾಮಾರಿ ಬರಲೇ ಇಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ತಗುಲಿದ 18 ಮಂದಿಯಲ್ಲಿ 6 ಮಂದಿ ತೀರಿಕೊಂಡರು. ಅಂದಿನಿಂದ ಲೋಕದ ಕಣ್ಣು ಏಷ್ಯಾದ ಕೋಳಿಗಳ ಮೇಲೆ ನೆಟ್ಟಿತು. 2009ರ ಮಹಾಮಾರಿಯಾದರೋ ಮೆಕ್ಸಿಕೊದಲ್ಲಿ, ಹಂದಿಗಳಿಂದ ತಲೆಯೆತ್ತಿತು.

ಆ ಬಳಿಕ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ವಿಶ್ವ ಆರೋಗ್ಯ ಸಂಸ್ಥೆಯೂ ಅಪಾಯವನ್ನು ಅಳೆಯುವ ವಿಧಾನಗಳನ್ನು ರೂಪಿಸಿದವು. ವೈರಾಣು ಮನುಷ್ಯರ ಶ್ವಾಸನಾಳದ ಕೋಶಗಳಿಗೆ ಅಂಟಿಕೊಳ್ಳುವುದೇ? ಫೆರೆಟ್‌ ಪ್ರಾಣಿಗಳಲ್ಲಿ ಗಾಳಿಯ ಮೂಲಕ ಹರಡುವುದೇ? ಜನರಲ್ಲಿ ಪ್ರತಿರೋಧವಿದೆಯೇ? ಔಷಧಿಗೆ ಬಗ್ಗುವುದೇ? ತಜ್ಞರು ಒಂದೊಂದಕ್ಕೂ ಅಂಕ ಕೊಡುತ್ತಾರೆ. ಹರಡುವ ಸಾಧ್ಯತೆ ಬೇರೆ, ಹರಡಿದರೆ ಆಗುವ ಹಾನಿ ಬೇರೆ. ಇವೆರಡನ್ನೂ ಪ್ರತ್ಯೇಕವಾಗಿ ತೂಗುವುದೇ ಈ ವಿಧಾನದ ವಿವೇಕ. 1957ರ ಎಚ್2ಎನ್2 ವೈರಾಣು 1968ರ ನಂತರ ಮನುಷ್ಯರಲ್ಲಿ ಹರಡಿಲ್ಲ. ಆಮೇಲೆ ಹುಟ್ಟಿದವರ ದೇಹಕ್ಕೆ ಅದರ ಪರಿಚಯವೇ ಇಲ್ಲ. ಇಂತಹ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ.

ಈ ಅಂಕಗಳು ಭವಿಷ್ಯವಾಣಿಯಲ್ಲ. ಯಾವ ವೈರಾಣುವಿಗೆ ಮೊದಲೇ ಲಸಿಕೆಯ ಬೀಜ ಸಿದ್ಧಪಡಿಸಿಡಬೇಕೆಂಬ ಆದ್ಯತೆಯ ಪಟ್ಟಿ ಮಾತ್ರ. 2021ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹರಿಯಾಣದ ಬಾಲಕನೊಬ್ಬ ಎಚ್5ಎನ್1ನಿಂದ ತೀರಿಕೊಂಡ. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ಶಕ್ತಿ ಆ ವೈರಾಣುವಿಗೆ ಆಗ ಇರಲಿಲ್ಲ. ಆ ಶಕ್ತಿ ಬಂದರೆ ಅದರ ಮೊದಲ ಸುಳಿವು ಸಿಗುವುದು ಯಾವುದೋ ಕೆರೆದಂಡೆಯ ಸತ್ತ ಬಾತುಕೋಳಿಯಲ್ಲೋ ಹಂದಿಗೂಡಿನಲ್ಲೋ ಇರಬಹುದು. ಅಲ್ಲಿಂದ ಮಾದರಿ ಭೋಪಾಲದ ಪ್ರಯೋಗಾಲಯವನ್ನು ಬೇಗ ತಲುಪದಿದ್ದರೆ, ಅಂಕ ಹಾಕುವವರ ಮುಂದೆ ಹಾಳೆ ಖಾಲಿಯಾಗಿಯೇ ಇರುತ್ತದೆ.