ಸೌದೆ ಗಾಡಿಯಿಂದ ಜೆಸಿಬಿವರೆಗೆ

ಮೊನ್ನೆ ಊರಿಗೆ ಹೋಗಿದ್ದೆ. ಬಂಗಾರಪೇಟೆಯಲ್ಲಿ ರೈಲಿಳಿದು ಕ್ಯಾಸಂಬಳ್ಳಿ ಕಡೆ ಹೊರಟರೆ ದಾರಿಗೆ ಅಡ್ಡವಾಗಿ ಒಂದು ಟ್ರ್ಯಾಕ್ಟರ್ ಸಿಕ್ತು. ಟ್ರೇಲರ್ ತುಂಬಾ ನೀಲಗಿರಿ ಬೊಡ್ಡೆಗಳು, ಬೇರಿನ ಸಮೇತ, ಕೆಮ್ಮಣ್ಣು ಉದುರಿಸುತ್ತಾ ಹೋಗ್ತಾ ಇದ್ವು. ಮನೆ ಸೇರಿದಾಗ ಅಪ್ಪ ಹೇಳಿದ್ದೂ ಅದೇ ವಿಷಯ: "ನಮ್ಮ ಹೊಲದ್ದೂ ಕೀಳಿಸಿಬಿಡೋಣ ಅಂತಿದೀನಿ, ಏನಂತೀಯ?"

ಉತ್ತರ ಹೇಳೋಕೆ ಮುಂಚೆ ಈ ಸೌದೆ ಕಥೆ ಎಲ್ಲಿಂದ ಶುರುವಾಯ್ತು ಅಂತ ಯೋಚನೆ ಹತ್ತಿತು. ನಮ್ಮದು ಗಡಿ ಸೀಮೆ. ಸೌದೆಗೇ ಮೂರು ಹೆಸರು. ಕನ್ನಡದಲ್ಲಿ ಸೌದೆ, ತೆಲುಗಿನಲ್ಲಿ ಕಟ್ಟೆಲು, ಕೋಲಾರ ಚಿನ್ನದ ಗಣಿಯ ತಮಿಳರಿಗೆ ವಿರಗು. ಹೆಸರು ಯಾವುದಾದರೂ ಒಲೆ ಒಂದೇ!

ಚಿನ್ನದ ಗಣಿಯಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಆಳದ ಅಗೆತ ಶುರುವಾಯ್ತು. ಅದಿರು ಮೇಲೆತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಎಲ್ಲಕ್ಕೂ ಹಬೆ ಯಂತ್ರ. ಅದರ ಹೊಟ್ಟೆಗೆ ಕಲ್ಲಿದ್ದಲು, ಸೌದೆ ಬೀಳಲೇಬೇಕು. 1894ರಲ್ಲಿ ಬಂಗಾರಪೇಟೆಯಿಂದ (ಆಗ ಅದು ಬೌರಿಂಗ್‌ಪೇಟೆ) ಮಾರಿಕುಪ್ಪಂಗೆ ರೈಲು ಹಾಕಿದ್ದು ಗಣಿಗೋಸ್ಕರವೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಹಬೆ ಯಂತ್ರದ ಕೆಲಸವನ್ನು ಕರೆಂಟು ಒಂದೊಂದಾಗಿ ವಹಿಸಿಕೊಳ್ತು. ಅದೇ ವರ್ಷ ನಮ್ಮ ಕ್ಯಾಸಂಬಳ್ಳಿಯಲ್ಲಿ ಒಂದು ಮಗು ಹುಟ್ಟಿತು. ಮುಂದೆ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ.ರೆಡ್ಡಿ. ಆ 'ಕೆ' ಅಂದರೆ ಕ್ಯಾಸಂಬಳ್ಳಿ. (ಊರಿನ ಜಂಬ, ಸಹಿಸಿಕೊಳ್ಳಿ!)

ಗಣಿಗೆ ಕರೆಂಟು ಬಂದರೂ ಹಳ್ಳಿ ಒಲೆಗೆ ಬರಲಿಲ್ಲ ನೋಡಿ. ನನ್ನ ಅಜ್ಜನ ಕಾಲದಲ್ಲಿ ಸೌದೆ ಅಂದರೆ ಬೇಲಿಯ ಜಾಲಿ, ಹೊಂಗೆಯ ಒಣಕೊಂಬೆ, ಹುಣಸೆ. ಕೊಡಲಿಯಲ್ಲಿ ಕಡಿದು ಎತ್ತಿನ ಗಾಡಿಗೆ ಹೇರಿದರೆ ಅರ್ಧ ಟನ್ನು ಬರೋದೇ ಹೆಚ್ಚು. ಅಷ್ಟಕ್ಕೇ ಎತ್ತು ನೊರೆ ಕಾರುತ್ತಿತ್ತು. ಹಾಗಾಗಿ ಎಷ್ಟು ಕಡೀಬೇಕು ಅಂತ ತೀರ್ಮಾನ ಮಾಡ್ತಿದ್ದುದು ಮನುಷ್ಯನಲ್ಲ, ಎತ್ತಿನ ಹೆಗಲು.

ಟ್ರ್ಯಾಕ್ಟರ್ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಅದೇ ಹೊತ್ತಿಗೆ, 1980ರ ದಶಕದಲ್ಲಿ, ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಗೆ ಸೌದೆ ಸಿಗಲಿ ಅನ್ನೋದು ಅದರ ಒಂದು ಉದ್ದೇಶ. ಕೋಲಾರ ಜಿಲ್ಲೆಯಲ್ಲಿ ಆಗಿದ್ದೇ ಬೇರೆ. ರಾಗಿ ಬೆಳೆಯೋ ಹೊಲಕ್ಕೆಲ್ಲ ನೀಲಗಿರಿ ನುಗ್ಗಿತು, ಬೆಳೆದದ್ದು ಕಾರ್ಖಾನೆಗೆ, ಪಟ್ಟಣಕ್ಕೆ ಹೊರಟಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿ ಕಿತ್ತುಹಾಕಿ ಹುಣಸೆ, ಮಾವಿನ ಬೀಜ ಊರಿದ್ದರು. ನಮ್ಮ ಕಡೆ ಅಪ್ಪನಂಥವರು ನೆಟ್ಟರು. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಮಳೆ ನಂಬೋ ಹಾಗಿಲ್ಲ, ಕೂಲಿಯಾಳು ಸಿಗಲ್ಲ. ನೀಲಗಿರಿಯನ್ನು ದನ ಮುಟ್ಟಲ್ಲ, ಕಳೆ ತೆಗೀಬೇಕಿಲ್ಲ, ಕಡಿದರೆ ಕೂಳೆ ಮತ್ತೆ ಚಿಗುರುತ್ತೆ. ಆರೇಳು ವರ್ಷಕ್ಕೊಮ್ಮೆ ಮರ ಕೊಯ್ಯೋ ಮಿಷನ್ನು, ಟ್ರ್ಯಾಕ್ಟರ್ ಎರಡೂ ಹೊಲಕ್ಕೇ ಬರುತ್ತೆ. ನನ್ನ ಕಾಲೇಜ್ ಫೀಸು ಹೀಗೇ ಟ್ರೇಲರಿನಲ್ಲಿ ಬಂದಿದ್ದು.

ಆಗ ನನಗೆ ಹೊಳೆದಿರಲಿಲ್ಲ, ಈಗ ಅನ್ನಿಸುತ್ತೆ: ಹೊಲದಲ್ಲಿ ಬೆಳೆದದ್ದನ್ನು ಟ್ರ್ಯಾಕ್ಟರ್ ಸಾಗಿಸಿತು ಅನ್ನೋದು ಅರ್ಧ ಸತ್ಯ. ಟ್ರ್ಯಾಕ್ಟರ್ ಸುಲಭವಾಗಿ ಸಾಗಿಸೋ ಅಂಥದ್ದನ್ನೇ ನಾವು ಬೆಳೆಯೋಕೆ ಶುರು ಮಾಡಿದ್ವಿ. ನೇರ ಕಾಂಡ, ಒಂದೇ ಅಳತೆ, ಒಂದೇ ದಿನ ಕಟಾವು. ಹುಣಸೆ, ಹೊಂಗೆ ಆ ಅಳತೆಗೆ ಒಗ್ಗಲಿಲ್ಲ. ವರ್ಷವಿಡೀ ಹರಿಯೋ ನದಿಯಿಲ್ಲದೆ ಕೆರೆ ನಂಬಿದ ಸೀಮೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿತು. ಅದಕ್ಕೆಲ್ಲ ನೀಲಗಿರಿ ಒಂದೇ ಕಾರಣ ಅಲ್ಲ, ಬೋರ್ ಕೊರೆದವರೂ ನಾವೇ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆದರೆ ಇದ್ದ ಕೂಳೆ ಸುಮ್ಮನಿರುತ್ತಾ? ಬೊಡ್ಡೆ ಕೀಳೋಕೆ ಆಳಿನ ಕೈಲಿ ಆಗಲ್ಲ, ಜೆಸಿಬಿ ಬೇಕು. ನಮ್ಮ ಕಡೆ ಅದಕ್ಕೊಂದು ಒಪ್ಪಂದ ಇದೆ: ಬೊಡ್ಡೆ ಅವರಿಗೆ, ಬಾಡಿಗೆಯಿಲ್ಲದೆ ಹಸನಾದ ಹೊಲ ನಮಗೆ. ಬೊಡ್ಡೆ ಇಟ್ಟಿಗೆ ಸುಡೋಕೆ ಹೋಗುತ್ತೆ.

ನಾನು ಅಪ್ಪನಿಗೆ "ಕೀಳಿಸಿ" ಅಂದೆ. ಮಾರನೇ ವಾರ ಜೆಸಿಬಿ ಬಂತು. ಒಂದೊಂದು ಬೊಡ್ಡೆಗೂ ಐದು ನಿಮಿಷ ಹಿಡೀಲಿಲ್ಲ. ಬಕೆಟ್ಟಿನಲ್ಲೇ ಎತ್ತಿ ಟ್ರೇಲರಿಗೆ ಹಾಕಿದ. ಮುಂಚೆ ಕಟಾವಾದಾಗ ಕೊಂಬೆರೆಂಬೆ ಆಯ್ದು ಹೊರೆ ಕಟ್ಟಿ ತಲೆ ಮೇಲೆ ಹೊರುತ್ತಿದ್ದ ಹೆಂಗಸರಲ್ಲಿ ಒಬ್ಬ ಅಜ್ಜಿ ಬದುವಿನ ಮೇಲೆ ನಿಂತು ನೋಡ್ತಾ ಇದ್ದಳು. "ನಮಗೇನೂ ಉಳಿಸಲ್ವಾ ಸಾಮಿ?" ಅಂದಳು. ಅಪ್ಪ ಎರಡು ಬೊಡ್ಡೆ ಅವಳ ಮನೆ ಮುಂದೆ ಇಳಿಸೋಕೆ ಹೇಳಿದರು. ಅದನ್ನು ಸೀಳೋರು ಯಾರು ಅಂತ ನಮಗೆ ಆಮೇಲೆ ಹೊಳೀತು. ನಾನೂ ಅಪ್ಪನೂ ಕೊಡಲಿ ಹಿಡಿದು ಹೋದ್ವಿ. ಅರ್ಧ ದಿನಕ್ಕೆ ಒಂದೇ ಬೊಡ್ಡೆ ಸೀಳಿದ್ದು, ಅಂಗೈ ತುಂಬಾ ಗುಳ್ಳೆ.

ಈಗ ಹೊಲ ಖಾಲಿ. ಮಳೆ ಬಿದ್ದರೆ ರಾಗಿ, ಬದುವಿಗೆ ಹೊಂಗೆ ಅಂತ ಅಪ್ಪನ ಯೋಜನೆ. ನಿಮ್ಮೂರ ಕಡೆ ನೀಲಗಿರಿ ಏನಾಯ್ತು? ಹೇಳಿ, ಕೇಳೋಕೆ ಕಾಯ್ತಿರ್ತೀನಿ.