ಅಧಿಕ ಸೆಕೆಂಡು ಮತ್ತು ಉಪಗ್ರಹಾಧಾರಿತ ಕೈಗಡಿಯಾರ: ಒಂದು ಚಾರಿತ್ರಿಕ ಅವಲೋಕನ

ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದು. ಎರಡೂವರೆ ಮೂರು ವರ್ಷಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಇವೆರಡನ್ನೂ ಹೊಂದಿಸುವ ಕ್ರಮ ಪಂಚಾಂಗಕರ್ತರಲ್ಲಿ ಪ್ರಾಚೀನವಾದುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥದೇ ಹೊಂದಾಣಿಕೆಯ ಅಗತ್ಯ ಸೆಕೆಂಡಿನ ಮಟ್ಟದಲ್ಲಿ ತಲೆದೋರಿತು. ಆದರೆ ಇವೆರಡರ ನಡುವೆ ಮೂಲಭೂತವಾದ ಒಂದು ವ್ಯತ್ಯಾಸವಿದೆ. ಅಧಿಕಮಾಸವನ್ನು ಗಣಿತದಿಂದ ಬಹುಕಾಲ ಮೊದಲೇ ನಿರ್ಣಯಿಸಬಹುದು; ಅಧಿಕ ಸೆಕೆಂಡನ್ನು ಹಾಗೆ ನಿರ್ಣಯಿಸಲಾಗದು, ಘೋಷಿಸಬೇಕಾಗುತ್ತದೆ. ಉಪಗ್ರಹದಿಂದ ಕಾಲವನ್ನು ಪಡೆಯುವ ಕೈಗಡಿಯಾರಕ್ಕೆ ತೊಡಕಾಗಿ ಪರಿಣಮಿಸಿದ್ದು ಈ ವ್ಯತ್ಯಾಸವೇ.

1967ರಲ್ಲಿ ತೂಕ ಮತ್ತು ಅಳತೆಗಳ 13ನೆಯ ಮಹಾಸಮ್ಮೇಳನವು ಸೆಕೆಂಡನ್ನು ಭೂಮಿಯ ಚಲನೆಯಿಂದ ಬಿಡಿಸಿ ಸೀಸಿಯಂ-133 ಪರಮಾಣುವಿಗೆ ಒಪ್ಪಿಸಿತು. ಆ ಪರಮಾಣುವಿನ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಆವರ್ತಗಳ ಅವಧಿಯೇ ಅಂದಿನಿಂದ ಒಂದು ಸೆಕೆಂಡು. ಭೂಮಿಯ ಭ್ರಮಣವಾದರೋ ಏಕರೂಪವಾದುದಲ್ಲ. ಎರಡರ ಅಂತರ 0.9 ಸೆಕೆಂಡನ್ನು ಮೀರದಂತೆ, ಜೂನ್ ಅಥವಾ ಡಿಸೆಂಬರ್ ಕೊನೆಯಲ್ಲಿ ಅಗತ್ಯವಿದ್ದಾಗ ಒಂದು ಸೆಕೆಂಡನ್ನು ಸೇರಿಸುವ ಪದ್ಧತಿ 1972ರಲ್ಲಿ ಜಾರಿಗೆ ಬಂದಿತು. 2016ರ ಡಿಸೆಂಬರ್ 31ರವರೆಗೆ ಇಂಥ 27 ಸೆಕೆಂಡುಗಳು ಸೇರಿದವು. ಭಾರತೀಯ ಕಾಲಮಾನದಲ್ಲಿ ಆ ಕೊನೆಯ ಸೆಕೆಂಡು 2017ರ ಜನವರಿ 1ರ ಬೆಳಗಿನ 5 ಗಂಟೆ 29 ನಿಮಿಷ 60ನೆಯ ಸೆಕೆಂಡಾಗಿ ದಾಖಲಾಯಿತು.

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯ ಕಾಲಗಣನೆ 1980ರ ಜನವರಿ 6ರಂದು ಆರಂಭವಾಯಿತು. ಪಥನಿರ್ಣಯಕ್ಕೆ ಅಖಂಡವಾದ ಕಾಲ ಬೇಕಾದುದರಿಂದ ಅಧಿಕ ಸೆಕೆಂಡನ್ನು ಅದರಿಂದ ಉದ್ದೇಶಪೂರ್ವಕವಾಗಿ ಹೊರಗಿಡಲಾಯಿತು. ಪರಿಣಾಮವಾಗಿ ಅದು 2017ರ ಆರಂಭದಿಂದ ನಾಗರಿಕ ಕಾಲಕ್ಕಿಂತ 18 ಸೆಕೆಂಡು ಮುಂದಿದೆ. ಈ ಅಂತರವನ್ನು ತಿಳಿಸುವ ಸಂಖ್ಯೆಯನ್ನೂ ಉಪಗ್ರಹವೇ ಪ್ರಸಾರಮಾಡುತ್ತದೆ. ಆದರೆ ಸೆಕೆಂಡಿಗೆ 50 ಬಿಟ್‌ಗಳ ಮಂದಗತಿಯಲ್ಲಿ ಹರಿಯುವ ಈ ಸಂದೇಶದಲ್ಲಿ ಗಳಿಗೆಯ ಸೂಚನೆ 6 ಸೆಕೆಂಡಿಗೊಮ್ಮೆ ದೊರೆತರೆ, ಅಧಿಕ ಸೆಕೆಂಡಿನ ಮಾಹಿತಿ ಹನ್ನೆರಡೂವರೆ ನಿಮಿಷಕ್ಕೊಮ್ಮೆ ಮಾತ್ರ ಬರುತ್ತದೆ.

ಈ ಅಂತರ ಸಣ್ಣದೆಂದು ತೋರಬಹುದು. ಕೈಗಡಿಯಾರದ ಮಟ್ಟಿಗೆ ಅದು ನಿರ್ಣಾಯಕವಾದುದು. ಜಪಾನಿನ ಸಿಟಿಜನ್ ಸಂಸ್ಥೆ 2011ರಲ್ಲಿ ಉಪಗ್ರಹದಿಂದ ಸಮಯ ಪಡೆಯುವ ಕೈಗಡಿಯಾರವನ್ನು ಹೊರತಂದಿತು. 2012ರಲ್ಲಿ ಸೈಕೋ ಸಂಸ್ಥೆ ತನ್ನ ‘ಆಸ್ಟ್ರಾನ್’ ಮೂಲಕ ಸ್ಥಳವನ್ನೂ ಗುರುತಿಸಿ ಕಾಲವಲಯವನ್ನು ನಿರ್ಧರಿಸುವ ಸಾಮರ್ಥ್ಯವನ್ನು ಕೈಗಡಿಯಾರಕ್ಕೆ ನೀಡಿತು. ಇವು ಬೆಳಕಿನಿಂದ ವಿದ್ಯುತ್ತನ್ನು ಸಂಚಯಿಸುವ ಯಂತ್ರಗಳು. ದಿನವೂ ಹನ್ನೆರಡು ನಿಮಿಷ ಸಂಕೇತವನ್ನು ಆಲಿಸುವಷ್ಟು ಶಕ್ತಿವ್ಯಯ ಅವುಗಳಿಗೆ ದುಬಾರಿ. ಆದ್ದರಿಂದ ದೈನಂದಿನ ಸ್ವೀಕಾರದಲ್ಲಿ ಗಡಿಯಾರವು ಉಪಗ್ರಹದ ಸಮಯವನ್ನಷ್ಟೇ ಪಡೆದು, ತನ್ನ ಸ್ಮೃತಿಯಲ್ಲಿರುವ ಹಳೆಯ ಸಂಖ್ಯೆಯನ್ನು ಅದರಿಂದ ಕಳೆಯುತ್ತದೆ. ಆ ಸಂಖ್ಯೆಯನ್ನು ನವೀಕರಿಸಲು ಆಸ್ಟ್ರಾನ್ ವಿನ್ಯಾಸಕಾರರು ವರ್ಷಕ್ಕೆ ಎರಡು ಸಂದರ್ಭಗಳನ್ನು ಗೊತ್ತುಪಡಿಸಿದರು: ಜೂನ್ 1 ಮತ್ತು ಡಿಸೆಂಬರ್ 1ರ ಅನಂತರದ ಸ್ವೀಕಾರ. ಅಧಿಕ ಸೆಕೆಂಡು ಬರಬಹುದಾದ ಮಾಸಾಂತ್ಯಗಳಿಗೆ ಮುನ್ನವೇ ಇವು ಬರುವುದು ಆಕಸ್ಮಿಕವಲ್ಲ.

ಈ ಏರ್ಪಾಡಿನ ದೌರ್ಬಲ್ಯವೂ ಇಲ್ಲಿಯೇ ಇದೆ. 2015ರ ಜೂನ್ ಕೊನೆಯವರೆಗೆ ಅಂತರ 16 ಸೆಕೆಂಡುಗಳಾಗಿತ್ತು. ಆಗ ಪೆಟ್ಟಿಗೆಯಲ್ಲಿಟ್ಟ ಗಡಿಯಾರವೊಂದು 2017ರಲ್ಲಿ ಸಮಯವನ್ನು ಮಾತ್ರ ಸ್ವೀಕರಿಸಿದರೆ, 18ರ ಬದಲು 16ನ್ನು ಕಳೆದು ಎರಡು ಸೆಕೆಂಡು ಮುಂದೆ ನಡೆಯುತ್ತದೆ. ಸೆಕೆಂಡಿನ ಅತಿಸೂಕ್ಷ್ಮ ಭಾಗವನ್ನೂ ಅಳೆಯುವ ಮೂಲವಿದ್ದೂ ಪೂರ್ಣ ಸೆಕೆಂಡುಗಳಲ್ಲಿ ತಪ್ಪುವ ಈ ಸ್ಥಿತಿಗೆ ಕಾರಣ ಯಂತ್ರದ ದೋಷವಲ್ಲ, ಮಾಹಿತಿಯ ಹಳತನ.

ಹಳತನದ ಸಮಸ್ಯೆ ಪ್ರಸಾರದ ರಚನೆಯಲ್ಲಿಯೂ ಅಡಗಿತ್ತು. ಅಧಿಕ ಸೆಕೆಂಡು ಸೇರುವ ವಾರವನ್ನು ಸೂಚಿಸಲು ಸಂದೇಶದಲ್ಲಿ 8 ಬಿಟ್‌ಗಳನ್ನಷ್ಟೇ ಮೀಸಲಿಡಲಾಗಿದೆ. 256 ವಾರಗಳ ಅನಂತರ ಅದೇ ಅಂಕೆ ಮರುಕಳಿಸುತ್ತದೆ. 1998ರ ಡಿಸೆಂಬರ್ ಅನಂತರ 2005ರ ಡಿಸೆಂಬರ್‌ವರೆಗೆ ಅಧಿಕ ಸೆಕೆಂಡೇ ಬಾರದಿದ್ದುದರಿಂದ 2003ರ ನವೆಂಬರ್‌ನಲ್ಲಿ ಈ ಆವೃತ್ತಿ ಪೂರ್ಣಗೊಂಡಿತು. ಆಗ ಕೆಲವು ಗ್ರಾಹಕಯಂತ್ರಗಳು ಹಳೆಯ ಸೂಚನೆಯನ್ನು ಹೊಸದೆಂದು ಗ್ರಹಿಸಿ ಎಡವಿದವು.

ಅಖಂಡ ಕಾಲದ ಆಯ್ಕೆ ಅಮೆರಿಕದ್ದು ಮಾತ್ರವಲ್ಲ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಇಸ್ರೋ ಕೇಂದ್ರದಿಂದ ನಿರ್ವಹಣೆಗೊಳ್ಳುವ ಭಾರತದ ನಾವಿಕ್ ವ್ಯವಸ್ಥೆಯ ಕಾಲವೂ ಅಧಿಕ ಸೆಕೆಂಡನ್ನು ಒಳಗೊಳ್ಳುವುದಿಲ್ಲ. ರಷ್ಯಾದ ಗ್ಲೋನಾಸ್ ಇದಕ್ಕೆ ಅಪವಾದ. ಅದು ನಾಗರಿಕ ಕಾಲವನ್ನೇ ಅನುಸರಿಸುತ್ತದೆ.

2022ರ ನವೆಂಬರ್‌ನಲ್ಲಿ 27ನೆಯ ಮಹಾಸಮ್ಮೇಳನವು 0.9 ಸೆಕೆಂಡಿನ ಮಿತಿಯನ್ನು 2035ರೊಳಗೆ ಹಿಗ್ಗಿಸಲು ನಿರ್ಣಯಿಸಿತು. ಅದು ಕಾರ್ಯಗತವಾದರೆ ಕೈಗಡಿಯಾರದ ಸ್ಮೃತಿಯಲ್ಲಿರುವ ಸಂಖ್ಯೆ ದೀರ್ಘಕಾಲ ಬದಲಾಗದೆ ಉಳಿಯುತ್ತದೆ. ಈ ನಡುವೆ ಭೂಭ್ರಮಣದ ವೇಗ ಹೆಚ್ಚಿರುವುದರಿಂದ ಒಂದು ಸೆಕೆಂಡನ್ನು ಕಳೆಯಬೇಕಾದೀತೆಂಬ ಚರ್ಚೆಯೂ ನಡೆದಿದೆ. ಪಂಚಾಂಗದ ಪರಿಭಾಷೆಯಲ್ಲಿ ಇದನ್ನು ಕ್ಷಯಮಾಸಕ್ಕೆ ಹೋಲಿಸಬಹುದು. 1972ರಿಂದ ಒಮ್ಮೆಯೂ ಸಂಭವಿಸದ ಈ ಘಟನೆಯನ್ನು ಯಾವ ಗಡಿಯಾರವೂ ಬಳಕೆಯಲ್ಲಿ ಎದುರಿಸಿಲ್ಲ. ಒಟ್ಟಿನಲ್ಲಿ, ಮಣಿಕಟ್ಟಿನ ಮೇಲಿನ ಸಮಯವು ಪರಮಾಣುವಿನಿಂದ ಎಣಿಕೆಯಾಗಿ, ಉಪಗ್ರಹದಿಂದ ಬಂದರೂ, ಅದನ್ನು ನಾಗರಿಕ ಕಾಲವನ್ನಾಗಿಸುವುದು ಮನುಷ್ಯರ ಒಪ್ಪಂದದಿಂದ ಗೊತ್ತಾದ ಒಂದು ಪುಟ್ಟ ಸಂಖ್ಯೆ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.