ಉಕ್ಕಿನ ಹದ

ಹಾಲು ಉಕ್ಕುತ್ತದೆ, ಕಡಲು ಉಕ್ಕುತ್ತದೆ. ಕತ್ತಿಯಾಗುವ ಲೋಹಕ್ಕೂ ಕನ್ನಡದಲ್ಲಿ ಉಕ್ಕೆಂದೇ ಹೆಸರು. ತಮಿಳಿನಲ್ಲಿ ಕರಗುವುದಕ್ಕೆ 'ಉರುಕು' ಎಂದೂ ಉಕ್ಕಿಗೆ 'ಉರುಕ್ಕು' ಎಂದೂ ಹೇಳುವುದನ್ನು ನೋಡಿದರೆ, ಲೋಹದ ಹೆಸರಿನ ಬೇರು ಕುಲುಮೆಯಲ್ಲಿಯೇ ಇದೆಯೆನಿಸುತ್ತದೆ. ಈ ಮಾತು ಕಡಲನ್ನೂ ದಾಟಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ, ಮುಂಬಯಿಯಿಂದ ಬಂದ ಉಕ್ಕನ್ನು ಕುರಿತ ಪ್ರಬಂಧದಲ್ಲಿ ಅದನ್ನು 'ವೂಟ್ಜ್' ಎಂದು ಕರೆದನು. ಅದು ನಮ್ಮ 'ಉಕ್ಕಿ'ನ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಮತ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ಕಣ್ಣಾರೆ ಕಂಡು, 1807ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಮೆದು ಕಬ್ಬಿಣದ ತುಂಡುಗಳನ್ನೂ ತಂಗಡಿಯ ಕಡ್ಡಿಯನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿ ಮೆತ್ತಿ, ಇದ್ದಲಿನ ನಡುವೆ ಹೂತು ತಿದಿಯೊತ್ತುತ್ತಿದ್ದರು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಡ್ಡಿ-ಎಲೆಗಳ ಇಂಗಾಲ ಕಬ್ಬಿಣವನ್ನು ಹೊಕ್ಕಾಗ ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಅದು ಕರಗಿ, ಮೂಸೆಯ ತಳದಲ್ಲಿ ಬಿಲ್ಲೆಯಾಗಿ ಗಟ್ಟಿಗೊಳ್ಳುತ್ತಿತ್ತು.

ನಿಜವಾದ ಪರೀಕ್ಷೆ ಆಮೇಲೆ. ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲವುಳ್ಳ ಈ ಬಿಲ್ಲೆ ಬಲು ಬಿರುಸು. ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದಾಗ ಅದು ಪುಡಿಯಾಯಿತು. ನಮ್ಮ ಕಡೆಯವರು ಬಿಲ್ಲೆಯನ್ನು ಕರಗದಷ್ಟು ಶಾಖದಲ್ಲಿ ಗಂಟೆಗಟ್ಟಲೆ ಇದ್ದಲಿನ ಬೆಂಕಿಯಲ್ಲಿಟ್ಟು ಪಳಗಿಸಿ, ಬಳಿಕ ಕೆಂಪು ಕಾವಿನಲ್ಲಿ ಮಾತ್ರ ಬಡಿಯುತ್ತಿದ್ದರು. ಉಷ್ಣಮಾಪಕವಿರಲಿಲ್ಲ, ಕಾವಿನ ಬಣ್ಣವನ್ನು ಕಣ್ಣೇ ಅಳೆಯಬೇಕಾಗಿತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಮಾತು: ಹದ.

ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯೂ ಈ ಉಕ್ಕಿನ ಬೆನ್ನು ಹತ್ತಿದನು. 1819ರ ವಿಶ್ಲೇಷಣೆಯಲ್ಲಿ ಅಲ್ಯುಮಿನಿಯಂ ಮೊದಲಾದವು ಇದರ ಗುಣಕ್ಕೆ ಕಾರಣವೆಂದು ಬಗೆದನು, ಅದು ಸರಿಯಾಗಿರಲಿಲ್ಲ. ಡಮಾಸ್ಕಸ್ ಕತ್ತಿಗಳ ಮೈಮೇಲಿನ ನೀರಲೆಯಂಥ ಗೆರೆಗಳಿಗೆ ಅದಿರಿನಲ್ಲಿನ ಅತ್ಯಲ್ಪ ವನೇಡಿಯಮ್ಮಿನಂಥ ಧಾತುಗಳೂ, ಮತ್ತೆ ಮತ್ತೆ ಕಾಯಿಸಿ ಬಡಿಯುವ ಕ್ರಮವೂ ಕಾರಣವೆಂದು ವರ್ಹೋವೆನ್ ಮತ್ತು ಪೆಂಡ್ರೆ ತಮ್ಮ ಸಂಗಡಿಗರೊಂದಿಗೆ 1998ರಲ್ಲಿ ಪ್ರತಿಪಾದಿಸಿದರು. ಹಾಗಿದ್ದರೆ ಅದಿರು ಬದಲಾದಾಗ, ಕೈ ಅದೇ ಆಗಿದ್ದರೂ ಗೆರೆ ಮೂಡದು.

1856ರಲ್ಲಿ ಬೆಸೆಮರನ ವಿಧಾನ ಬಂದಮೇಲೆ ಉಕ್ಕು ರಾಶಿಗಟ್ಟಲೆ ಅಗ್ಗವಾಗಿ ದೊರೆಯಿತು. ಮೂಸೆಯ ಕುಲುಮೆಗಳು ಒಂದೊಂದಾಗಿ ಆರಿದವು. ನಾನು ಪಾಠ ಹೇಳಿದ ಕಾವ್ಯಗಳಲ್ಲಿ ಖಡ್ಗದ ವರ್ಣನೆ ಹೇರಳ, ಕುಲುಮೆಯದು ವಿರಳ. ಕಣ್ಣಿನಿಂದ ಕಣ್ಣಿಗೆ ದಾಟಬೇಕಾದ ವಿದ್ಯೆ ಕಲಿಯುವವರಿಲ್ಲದೆ ನಿಂತಿತು. ಅದರ ವಿವರಗಳಿಗಾಗಿ ನಾವಿಂದು ಪರದೇಶದ ಪ್ರವಾಸಿಯ ಪುಟಗಳನ್ನು ತಿರುವಬೇಕಾಗಿದೆ. ಪಾಕಕ್ಕೂ ಹೊಲಕ್ಕೂ ಮಾತಿಗೂ ನಾವು ಇನ್ನೂ 'ಹದ'ವೆನ್ನುತ್ತೇವೆ. ಹಾಗೆನ್ನುವಾಗ, ಅದನ್ನು ಬೆಂಕಿಯ ಬಣ್ಣದಲ್ಲಿ ಓದಬಲ್ಲವರು ಈ ನೆಲದಲ್ಲಿದ್ದರೆಂಬುದನ್ನು ನೆನೆಯೋಣ.